ಉಡಿಯಕ್ಕಿ

ಚೈತ್ರಶ್ರೀ ಜಗಳಕ್ಕೆ ತಯಾರಾಗಿಯೇ ಆನವಟ್ಟಿಗೆ ಬಂದಿದ್ದಳು. ದಿಲ್ಲಿಯಲ್ಲಿ ರೈಲು ಹತ್ತಿದಾಗಿನಿಂದ ಕಣ್ಣು ಮುಚ್ಚಿ ಕುಳಿತು ಅದನ್ನೇ ಅಭ್ಯಾಸ ಮಾಡಿದ್ದಳು. ಬೀಮ್ ಹತ್ತುವ ಮುಂಚೆ ಹೀಗೆ ಮಾಡುವುದು ಅವಳ ರೂಢಿ. ಆ ಅಂಗೈಯಗಲದ ಮರದ ಪಟ್ಟಿಯ ಮೇಲೆ ಎಲ್ಲಿ ಕಾಲಿಡಬೇಕು, ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಜಾರುವ ಭಯ, ಎಲ್ಲವನ್ನೂ ಮನಸ್ಸಿನಲ್ಲೇ ಒಮ್ಮೆ ಆಡಿ ಮುಗಿಸುವುದು. ಇನ್ನೂ ಎರಡು ವರ್ಷವಾ ಎಂದು ಗಂಡ ಯತೀಶ ಕೇಳುತ್ತಾನೆ. ಮದುವೆಯಾಗಿ ಮೂರು ವರ್ಷವಾಯಿತು, ನಾವಿಬ್ಬರೂ ಒಟ್ಟಿಗೆ ಎಷ್ಟು ದಿನ ಇದ್ದೆವು ಎನ್ನುತ್ತಾನೆ. ಅಷ್ಟೊತ್ತಿಗೆ ದನಿ ಏರಿರುತ್ತದೆ. ತಾನೂ ಏರಿಸಬೇಕು. ಆಮೇಲೆ ಅಳಬೇಕಾಗಬಹುದು. ಅಳುವ ಜಾಗವನ್ನೂ ಅವಳು ಗುರುತು ಮಾಡಿಟ್ಟುಕೊಂಡಿದ್ದಳು.

ಅವಳಿಗೆ ಇಪ್ಪತ್ತೇಳು. ಜಿಮ್ನಾಸ್ಟಿಕ್ಸ್‌ನಲ್ಲಿ ಅದು ಮುದಿಪ್ರಾಯ. ದಿಲ್ಲಿಯ ತರಬೇತಿ ಶಿಬಿರದ ಉಳಿದ ಹುಡುಗಿಯರು ಹದಿನಾರು ಹದಿನೇಳರವರು. ಅವಳು ಊಟಕ್ಕೆ ಬಂದರೆ ನಗುತ್ತಿದ್ದವರು ನಗು ನಿಲ್ಲಿಸಿ, ದೀದಿ ಕೂತ್ಕೊಳ್ಳಿ ಎಂದು ಜಾಗ ಬಿಟ್ಟು ಏಳುತ್ತಿದ್ದರು. ಹಿರಿಯಳೆಂದು ಅವಳಿಗೆ ಪ್ರತ್ಯೇಕ ಕೋಣೆ ಕೊಟ್ಟಿದ್ದರು. ಅವಳ ಜೊತೆ ಆಡಿದವರು ಯಾವತ್ತೋ ಬಿಟ್ಟು ಹೋಗಿ, ಈಗ ಮಕ್ಕಳನ್ನು ಶಾಲೆಗೆ ಸೇರಿಸುವ ಚಿಂತೆಯಲ್ಲಿದ್ದರು. ಒಂಬತ್ತು ವರ್ಷದವಳಿದ್ದಾಗ ಶಿಕಾರಿಪುರದ ಶಾಲೆಯ ಬಯಲಿನಿಂದ ಅವಳನ್ನು ಕ್ರೀಡಾ ಹಾಸ್ಟೆಲ್ಲಿಗೆ ಆರಿಸಿಕೊಂಡು ಹೋದ ಕೋಚ್ ಶಿವಯೋಗಿ ಸರ್ ಒಬ್ಬರೇ ಇನ್ನೂ ಜೊತೆಗಿದ್ದರು. ಊರಿಗೆ ಹೊರಡುವಾಗ ಅವರು ಹೇಳಿದ್ದರು.

"ಈ ಸಲ ಶಿಬಿರಕ್ಕೆ ಒಪ್ಪಿದ್ರೆ ಎರಡು ವರ್ಷ ಗಟ್ಟಿ. ನಡುವೆ ಬಿಡಂಗಿಲ್ಲ. ಮನೇಲಿ ಕೇಳ್ಕೊಂಡು ಸೋಮವಾರ ಸಂಜೆಯೊಳಗೆ ಹೇಳು. ಒಲ್ಲೆ ಅಂದ್ರೂ ನಂಗೇನೂ ಬೇಜಾರಿಲ್ಲ ಮಗಳೇ. ನಿನ್ನ ಪಾದದ ಗಂಟು ನೋಡಿದ್ರೆ ನಂಗೇ ಒಲ್ಲೆ ಅನ್ನಿಸ್ತದೆ."

ಅವಳಿಗೆ ಹೋಗಬೇಕಾಗಿತ್ತು. ಹೋದ ವರ್ಷದ ದೊಡ್ಡ ಕ್ರೀಡಾಕೂಟದಲ್ಲಿ ಬೀಮ್ ಮೇಲಿಂದ ಬಿದ್ದವಳು ಇನ್ನೊಮ್ಮೆ ಬೀಳದೆ ಆಡಿ ಇಳಿಯಬೇಕಾಗಿತ್ತು. ಮನೆಯಲ್ಲಿ ಕೇಳುವುದೆಲ್ಲ ನೆಪ. ಆದರೂ ಹೋಗಬೇಡ ಎನ್ನುವ ಒಬ್ಬರಾದರೂ ಇರಬೇಕು ಅನ್ನಿಸಿತ್ತು. ಹಿಡಿದ ಕೈ ಬಿಡಿಸಿಕೊಂಡು ಹೋಗುವುದೇ ಬೇರೆ, ಯಾರೂ ಹಿಡಿಯದೆ ಹೋಗುವುದೇ ಬೇರೆ.

ಬಂದ ಸಂಜೆಯೇ ವಿಷಯ ತೆಗೆದಳು. ಯತೀಶನದು ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಮೋಟರು ರಿಪೇರಿಯ ಅಂಗಡಿ. ಹಿತ್ತಿಲ ಕಲ್ಲಿನ ಮೇಲೆ ಕೂತು ಸೋಪಿನ ಪುಡಿ ಹಾಕಿ ಕೈಗೆ ಹತ್ತಿದ ಗ್ರೀಸು ತಿಕ್ಕುತ್ತಿದ್ದ.

"ಎರಡು ವರ್ಷ ಅಂತೆ ರೀ," ಎಂದಳು.

"ಹೂಂ."

"ನಡುವೆ ಬರೋದೂ ಕಷ್ಟ."

"ಆಯ್ತು, ಮಾಡು. ಒಳ್ಳೇದೇ ಅಲ್ವಾ?" ಚೊಂಬಿನ ನೀರು ಕೈಮೇಲೆ ಸುರಿದುಕೊಂಡು, ಟವೆಲಿಗೆ ಒರೆಸಿಕೊಂಡು ಕೇಳಿದ. "ಟಿಕೆಟ್ ಆಗಿದ್ಯಾ?"

ಅಷ್ಟೇ. ಅವಳು ತಯಾರಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹಾಗೇ ಉಳಿದವು.

ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಅತ್ತೆ ವನಜಮ್ಮ ಟ್ರಂಕಿನಿಂದ ಹೊಸ ಹಾಸಿಗೆ ಹೊದಿಕೆ ತೆಗೆದು ಹಾಸಿದ್ದರು. ಅವಳಿಗೆಂದು ಸಾರಿಗೆ ಎಣ್ಣೆ ಕಡಿಮೆ, ಖಾರ ಕಡಿಮೆ. ಚಹಾ ಹೂವಿನ ಚಿತ್ರದ ಕಪ್ಪಿನಲ್ಲಿ. ಉಂಡ ತಟ್ಟೆ ಎತ್ತಲು ಹೋದರೆ, "ಇರ್ಲಿ ಬಿಡವ್ವ, ನೀನೆಂತಕ್ಕೆ" ಎಂದು ಕೈಯಿಂದ ಕಿತ್ತುಕೊಂಡೇ ಹೋಗುತ್ತಿದ್ದರು. ಕಸಪೊರಕೆ ಮುಟ್ಟಿದರೂ ಅದೇ ಮಾತು. ಚೈತ್ರಶ್ರೀ ಜಗಲಿಯ ಮೇಲೆ ಕೂತು ಪಾದ ತಿರುಗಿಸುತ್ತ, ಗಂಟಿಗೆ ಸುತ್ತಿದ ಪಟ್ಟಿ ಬಿಚ್ಚಿ ಕಟ್ಟುತ್ತ, ಹೊತ್ತು ಕಳೆದಳು. ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಹಿತ್ತಿಲ ಕಟ್ಟೆಯ ಮೇಲೆ ಕೈಯೂರಿ ತಲೆಕೆಳಗಾಗಿ ನಿಂತಿರುತ್ತಿದ್ದಳು. ದಿಲ್ಲಿಯಲ್ಲಾದರೆ ಎಷ್ಟು ಹೊತ್ತು ನಿಂತಳೆಂದು ನೋಡುವವರಿರುತ್ತಿದ್ದರು.

ಎದುರುಮನೆಯ ಹನುಮಂತಪ್ಪನ ಹೆಂಡತಿ ಕರಿಬೇವು ಕೇಳುವ ನೆಪದಲ್ಲಿ ಬಂದು ನೋಡಿಕೊಂಡು ಹೋದಳು.

"ಯಾವಾಗ ಬಂದ್ರಿ, ಯಾವಾಗ ಹೊರಡೋದು?" ಎರಡನ್ನೂ ಒಂದೇ ಉಸಿರಿಗೆ ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಏನಾರ ವಿಶೇಷ?"

"ಏನಿಲ್ಲ," ಎಂದಳು ಚೈತ್ರಶ್ರೀ.

"ಲಾಗ ಹಾಕೋ ಹೊಟ್ಟೇಲಿ ಎಂತ ನಿಲ್ತದೆ ಬಿಡಿ."

ಒಳಗಿನಿಂದ ವನಜಮ್ಮನ ದನಿ ಬಂತು. "ನಿನ್ನ ಸೊಸೆ ಕೂತಲ್ಲಿಂದ ಅಲ್ಲಾಡಲ್ವಲ್ಲ, ಅವಳ ಹೊಟ್ಟೇಲಿ ಎಷ್ಟು ನಿಂತವೆ? ಕರಿಬೇವು ಹಿತ್ಲಾಗದೆ, ಕಿತ್ಕೊಂಡು ಹೋಗು."

ಚೈತ್ರಶ್ರೀಗೆ ನಗು ಬಂತು. ಅತ್ತೆಯ ಜೊತೆ ಕೂತು ನಗೋಣವೆಂದು ಒಳಗೆ ಹೋದಳು. ಅಷ್ಟರಲ್ಲಿ ವನಜಮ್ಮ ಗಡಬಡಿಸಿ ಕುರ್ಚಿ ಎಳೆದು, ಸೆರಗಿನಿಂದ ಒರೆಸಿ, "ಕೂತ್ಕವ್ವ, ಎಂತ ಬೇಕಾಗಿತ್ತು?" ಎಂದರು. ಏನೂ ಬೇಡ ಎಂದು ಅವಳು ಹೊರಗೆ ಬಂದಳು.

ಸೋಮವಾರ ಹೊರಡುವ ದಿನ. ಮಧ್ಯಾಹ್ನದ ಬಸ್ಸಿಗೆ ಶಿಕಾರಿಪುರದ ತವರಿಗೆ ಹೋಗಿ ತಾಯಿಯನ್ನು ನೋಡಿಕೊಂಡು, ಅಲ್ಲಿಂದ ಶಿವಮೊಗ್ಗಕ್ಕೆ ಹೋಗಿ ರೈಲು ಹಿಡಿಯಬೇಕು. ಯತೀಶ ಬ್ಯಾಗುಗಳನ್ನು ಬಾಗಿಲಿಗೆ ತಂದಿಟ್ಟಿದ್ದ. ವನಜಮ್ಮ ದೇವರ ಗೂಡಿನ ಮುಂದೆ ಮಣೆ ಹಾಕಿ ಕರೆದರು.

"ಪೂರ್ವಕ್ಕೆ ಮುಖ ಮಾಡಿ ಕೂತ್ಕ. ಸೆರಗು ಒಡ್ಡು." ಅವಳ ಪ್ಯಾಂಟು ನೋಡಿ ನಕ್ಕರು. "ಇದಕ್ಕೆ ಸೆರಗು ಎಲ್ಲಿಂದ ತರೋಣ? ಟವಲ್ಲಾರ ಒಡ್ಡು."

ಚೈತ್ರಶ್ರೀ ಬ್ಯಾಗಿನಿಂದ ಟವೆಲ್ ತೆಗೆದು ಮಡಿಲಿಗೆ ಹರಡಿಕೊಂಡಳು. ವನಜಮ್ಮ ಅರಿಶಿನ ಕುಂಕುಮ ಹಚ್ಚಿ, ಬೊಗಸೆ ಬೊಗಸೆ ಅಕ್ಕಿ ಹಾಕಿದರು. ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಎಲೆ ಅಡಿಕೆ, ರವಿಕೆಯ ಕಣ. ಒಂದು ಹಿಡಿ ಅಕ್ಕಿಯನ್ನು ಅವಳಿಂದ ತಿರುಗಿ ತಟ್ಟೆಗೆ ಹಾಕಿಸಿಕೊಂಡು ಹೇಳಿದರು. "ಈ ಅಕ್ಕಿ ಯಾರಿಗೂ ಕೊಡಬಾರ್ದು. ನಿನ್ನ ಮನೆಗೆ ಹೋಗಿ ನೀನೇ ಬೇಯಿಸ್ಕೊಂಡು ಉಣ್ಣು."

ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಇಂಥ ಶಾಸ್ತ್ರಗಳು ಅಷ್ಟಾಗಿ ತಿಳಿಯವು. ಅತ್ತೆಯ ಪ್ರೀತಿ ಎಂದುಕೊಂಡು ಟವೆಲನ್ನು ಗಂಟು ಕಟ್ಟಿದಳು. ಯತೀಶ ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ಜಾಗ ಮಾಡಿಕೊಟ್ಟು, ಬಸ್ಸು ತಿರುಗುವ ತನಕ ನಿಂತಿದ್ದ.

ಶಿಕಾರಿಪುರದಲ್ಲಿ ಅವಳ ತಾಯಿ ಜಗದಾಂಬ ಗಂಟು ಬಿಚ್ಚಿ ನೋಡಿದರು. "ಯಾರು ಉಡಿ ತುಂಬಿದ್ದು?"

"ಅತ್ತೆ."

"ನಿಮ್ಮತ್ತೆನಾ? ಮನೆ ಸೊಸೆಗಾ?"

"ಯಾಕಮ್ಮ?"

ಜಗದಾಂಬ ಗಂಟನ್ನು ಮತ್ತೆ ಕಟ್ಟತೊಡಗಿದರು. ಕಟ್ಟಿದ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ. "ತವರಿಗೆ ಬಂದ ಮಗಳು ಹೊರಟಾಗ ತುಂಬ್ತಾರೆ. ಮನೆಗೆ ಬಂದೋರು ಹೊರಟಾಗ ತುಂಬ್ತಾರೆ. ಮನೆಯವಳೇ ಹೊಸ್ತಿಲು ದಾಟಿ ಹೋಗಿ ಬರೋದಕ್ಕೆ ಯಾರೂ ತುಂಬಲ್ಲ. ಅದೇನು ಬೇಕಂತ ಮಾಡಿದ್ರಾ?"

ಚೈತ್ರಶ್ರೀ ಯೋಚಿಸಿದಳು. ಅತ್ತೆಯ ಮುಖದಲ್ಲಿ ಕುಹಕ ಇರಲಿಲ್ಲ. ಎಲ್ಲ ನೆಂಟರಿಗೂ ಮಾಡುವ ಹಾಗೆ, ಕೈಗೆ ರೂಢಿಯಾದದ್ದನ್ನು ಮಾಡಿದ್ದರು. ಸಿಟ್ಟಿಗೆ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇಲ್ಲೇ ಬೇಯಿಸ್ಬಿಡಮ್ಮ. ಉಂಡು ಹೋಗ್ತೀನಿ."

"ಈ ಮನೆ ಒಲೆ ಮೇಲೆ ಬೇಡ," ಎಂದರು ಜಗದಾಂಬ. "ಇಲ್ಲಿ ಬೇಯಿಸಿದ್ರೆ ನೀನು ತಿರುಗಿ ತವರಿಗೇ ಬಂದೆ ಅಂತಾಗ್ತದೆ. ನಿನ್ನ ಮನೇಲಿ ಬೇಯಿಸ್ಕೊ."

ದಿಲ್ಲಿಯ ಕೋಣೆಯಲ್ಲಿ ಒಲೆ ಇರಲಿಲ್ಲ. ಅದು ಮನೆಯೂ ಅಲ್ಲ. ಅಲ್ಲಿಂದ ಅವಳು ಹೋದ ದಿನವೇ ಇನ್ನೊಬ್ಬ ಹುಡುಗಿ ಬಂದು ಗೋಡೆಗೆ ತನ್ನ ಚಿತ್ರ ಅಂಟಿಸುತ್ತಾಳೆ. ಚೈತ್ರಶ್ರೀ ಗಂಟು ತೆಗೆದುಕೊಂಡು ಎದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ಸಿದ್ಧವಾಗಿತ್ತು. ಅದರ ಪಕ್ಕದಲ್ಲಿ ಶಿರಾಳಕೊಪ್ಪದ ಮೇಲೆ ಆನವಟ್ಟಿಗೆ ಹೋಗುವ ಬಸ್ಸು. ಅವಳು ಅದನ್ನು ಹತ್ತಿದಳು. ಹತ್ತಿದ್ದು ಯಾಕೆಂದು ಶಿರಾಳಕೊಪ್ಪ ದಾಟುವ ತನಕ ಅವಳಿಗೇ ಸ್ಪಷ್ಟವಿರಲಿಲ್ಲ.

ಮನೆಯ ಮುಂಬಾಗಿಲಿಗೆ ಬೀಗವಿತ್ತು. ಅವಳ ಹತ್ತಿರ ಕೀಲಿಕೈ ಇಲ್ಲ, ಯಾವತ್ತೂ ಇರಲಿಲ್ಲ. ಹಿತ್ತಿಲ ಕಡೆಯ ಬಾಗಿಲಿಗೆ ಬರೀ ಚಿಲಕ. ವನಜಮ್ಮ ಸೋಮವಾರದ ಭಜನೆಗೆ ಹೋಗಿದ್ದರು. ಚೈತ್ರಶ್ರೀ ಅಡುಗೆಮನೆಯಲ್ಲಿ ನಿಂತು ದೀಪ ಹಾಕಿದಳು. ಹಾಸಿಗೆಯ ಹೊಸ ಹೊದಿಕೆ ಆಗಲೇ ಒಗೆದು ತಂತಿಯ ಮೇಲೆ ಒಣಗುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು.

ಅಕ್ಕಿ ತೊಳೆದು ಇಟ್ಟಳು. ಸಾರಿಗೆ ಬೇಳೆ ಬೇಕು. ಬೇಳೆ ಎಲ್ಲಿದೆಯೋ ಗೊತ್ತಿಲ್ಲ. ಡಬ್ಬಿಗಳನ್ನು ಸಾಲಾಗಿ ತೆಗೆದು ನೋಡುತ್ತ ಹೋದಳು. ಅವಲಕ್ಕಿ, ಸಕ್ಕರೆ, ಖಾಲಿ ಡಬ್ಬಿ, ಕಡ್ಲೆಹಿಟ್ಟು, ಅದರ ಹಿಂದೆ ಬೇಳೆ. ಉಪ್ಪು ಸಿಗಲೇ ಇಲ್ಲ. ಮೂರು ವರ್ಷದ ಸೊಸೆಗೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಕೊನೆಗೆ ಅದು ಒಲೆಯ ಹಿಂದೆ, ಬಗ್ಗಿ ನೋಡಿದವರಿಗಷ್ಟೇ ಕಾಣುವ ಗೂಡಿನಲ್ಲಿ, ಭರಣಿಯಲ್ಲಿತ್ತು.

ಅಕ್ಕಿ ಕುದಿಯುವಾಗ ಫೋನು ಬಂತು. ಶಿವಯೋಗಿ ಸರ್.

"ಎಂತ ಮಾಡಿದೆ ಮಗಳೇ? ರೈಲು ಹತ್ತಿದ್ಯಾ?"

"ಇಲ್ಲ ಸರ್. ಒಂದು ದಿನ ತಡ ಆಗ್ತದೆ." ಅನ್ನ ಉಕ್ಕಿ ಬರುತ್ತಿತ್ತು, ಮುಚ್ಚಳ ಸರಿಸಿದಳು. "ಬರ್ತೀನಿ. ಎರಡು ವರ್ಷಕ್ಕೂ ಬರ್ತೀನಿ."

"ಮನೇಲಿ ಒಪ್ಪಿದ್ರಾ?"

"ಬೇಡ ಅನ್ನಲಿಲ್ಲ ಸರ್," ಎಂದು ಫೋನಿಟ್ಟಳು.

ವನಜಮ್ಮ ಬಂದವರು ದೀಪ ಕಂಡು ಹಿತ್ತಿಲ ಕಡೆಯಿಂದಲೇ ಒಳಗೆ ಬಂದರು. "ಅಯ್ಯ, ಬಸ್ ತಪ್ತೇನವ್ವ? ನಂಗೊಂದು ಫೋನ್ ಮಾಡೋದಲ್ವಾ, ಬಂದು ಮಾಡಿಕೊಡ್ತಿದ್ದೆ. ಏಳವ್ವ, ಏಳು, ನೀನೆಂತಕ್ಕೆ..."

"ನನ್ನ ಮನೇಲೇ ಬೇಯಿಸ್ಕೊಂಡು ಉಣ್ಣು ಅಂದ್ರಲ್ಲ ಅತ್ತೆ," ಎಂದಳು ಚೈತ್ರಶ್ರೀ.

ವನಜಮ್ಮ ಒಲೆಯ ಪಕ್ಕ ಬಿಚ್ಚಿ ಬಿದ್ದಿದ್ದ ಟವೆಲ್ ನೋಡಿದರು. ಕೊಬ್ಬರಿ ಬಟ್ಟಲು, ರವಿಕೆಯ ಕಣ ಅದರ ಮೇಲೆ ಇದ್ದವು. ಅವರು ಹೊಸ್ತಿಲ ಮೇಲೆ ಕೂತರು. "ನಂಗೆ ಹೊಳೀಲೇ ಇಲ್ಲ ಕಣೆ," ಎಂದರು. ಅವ್ವ ಎನ್ನುತ್ತಿದ್ದವರು ಕಣೆ ಎಂದದ್ದು ಅವರ ಗಮನಕ್ಕೆ ಬಂದಂತಿರಲಿಲ್ಲ. ಚೈತ್ರಶ್ರೀ ಸಾರಿಗೆ ಒಗ್ಗರಣೆ ಹಾಕಿದಳು.

ಯತೀಶ ಕೈ ತೊಳೆದುಕೊಂಡು ಬಂದು ಕೂತ. ಅವಳನ್ನು ನೋಡಿ ಅವನಿಗೆ ಅಚ್ಚರಿಯಾದ ಹಾಗಿರಲಿಲ್ಲ. ಅವಳೇ ಬಡಿಸಿದಳು. ವನಜಮ್ಮ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

"ಉಪ್ಪು ಜಾಸ್ತಿ ಮಾಡಿದೀಯ."

"ನೀರು ಹಾಕಿ ಇನ್ನೊಂದು ಕುದಿ ಕುದಿಸ್ಲಾ?"

"ಈಗೆಂತ ಕುದಿಸ್ತೀಯ. ಉಣ್ಣು." ಅಷ್ಟು ಹೇಳಿ ಅವರು ಬೇಗ ಬೇಗ ಉಂಡು, ತಟ್ಟೆ ಎತ್ತದೆ ಅಲ್ಲೇ ಬಿಟ್ಟು, ಕೈ ತೊಳೆಯಲು ಹಿತ್ತಿಲಿಗೆ ಹೋದರು.

ಯತೀಶ ಅನ್ನ ಕಲಸುತ್ತಿದ್ದವನು ತಲೆಯೆತ್ತದೆ ಹೇಳಿದ. "ಹೋಗಬೇಡ."

ಚೈತ್ರಶ್ರೀಯ ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ಪಾತ್ರೆಗಿಟ್ಟಳು. "ಸರ್‌ಗೆ ಹೇಳ್ಬಿಟ್ಟೆ."

"ಗೊತ್ತು. ಬಂದಾಗ ನೀನು ಫೋನಲ್ಲಿದ್ದೆ. ನಾನು ಒಳಗೆ ಬರದೆ ಹಿತ್ಲಲ್ಲೇ ನಿಂತಿದ್ದೆ."

"ಮತ್ತೆ ಈಗ್ಯಾಕೆ ಹೇಳ್ತೀರಿ?"

"ಮೊದ್ಲೇ ಹೇಳಿದ್ರೆ ಎಲ್ಲಾದ್ರೂ ನಿಂತ್ಬಿಟ್ರೆ ಅಂತ." ಅವನ ಉಗುರ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. "ಆಮೇಲೆ ನೀನು ದಿನಾ ಜಗಲಿ ಮೇಲೆ ಕೂತು ಪಾದ ತಿರುಗಿಸ್ತಾ ಇರ್ತಿದ್ದೆ. ಅದನ್ನ ನೋಡ್ಕೊಂಡು ನಾನು ಅಂಗಡಿಗೆ ಹೋಗ್ಬೇಕಿತ್ತು."

ಹೇಳಿದ್ದರೆ ನಿಲ್ಲುತ್ತಿದ್ದೆನಾ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಬೀಳುತ್ತೇನೋ ಇಲ್ಲವೋ ಎಂಬುದು ಬೀಮ್ ಮೇಲೆ ಪಾದಕ್ಕೆ ಮೊದಲು ತಿಳಿಯುತ್ತದೆ. ಇಲ್ಲಿ ಪಾದಕ್ಕೂ ಏನೂ ತಿಳಿಯಲಿಲ್ಲ.

"ಇನ್ನೊಂದ್ಸಲ ಹೇಳ್ರಿ," ಎಂದಳು.

"ಹೋಗಬೇಡ."

ಅವಳು ತಟ್ಟೆ ತೆಗೆದುಕೊಂಡು, ಉಳಿದಿದ್ದ ಅನ್ನವನ್ನೆಲ್ಲ ಬಳಿದು ಹಾಕಿಕೊಂಡು ಕೂತಳು. ಶಿಬಿರದಲ್ಲಿ ತೂಕ ನೋಡುವವರು ಕಂಡಿದ್ದರೆ ಬೈಯುತ್ತಿದ್ದರು. ಯತೀಶನ ಊಟ ಮುಗಿದಿತ್ತು. ಕೈ ಒಣಗುತ್ತಿದ್ದರೂ ಅವನು ಏಳಲಿಲ್ಲ. ಸಾರು ನಿಜಕ್ಕೂ ಉಪ್ಪಾಗಿತ್ತು. ಅವಳು ನಿಧಾನವಾಗಿ, ಕೊನೆಯ ಅಗುಳಿನ ತನಕ ಉಂಡಳು.

"ಬೆಳಿಗ್ಗೆ ಮೊದಲ್ನೇ ಬಸ್ ಎಷ್ಟೊತ್ತಿಗೆ?" ಎಂದು ಕೇಳಿದಳು.

"ಆರೂವರೆಗೆ ಬರ್ತದೆ," ಎಂದ ಯತೀಶ. "ಒಂದೊಂದಿನ ಬರಲ್ಲ."