ಬೆಳೆಯುವ ಕಾಲಿನ ಪಾರ್ಸೆಲ್

ವಯಸ್ಸು ನಲವತ್ತಾರು ದಾಟಿದರೂ ಅಣ್ಣನ ಬಾಯಲ್ಲಿ ಅವಳು ಇನ್ನೂ ಪುಟ್ಟಿಯೇ.

ಅಣ್ಣ ಶೂ ಹೊಲಿಯುವವನು. ಅಂಗಡಿಯಲ್ಲಿ ಸಿಗುವ ಶೂ ಕಾಲಿಗೆ ಹೊಂದದವರು ಅವನ ಹತ್ತಿರ ಬರುತ್ತಿದ್ದರು: ಒಂದು ಕಾಲು ಗಿಡ್ಡ ಇದ್ದವರು, ಪಾದ ಒಳಕ್ಕೆ ತಿರುಗಿದವರು, ಅಪಘಾತದಲ್ಲಿ ಬೆರಳು ಕಳೆದುಕೊಂಡವರು. ಮನೆಯ ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ, ಮರದ ಅಚ್ಚುಗಳು, ಅಂಟಿನ ಡಬ್ಬಿ. ಹಿಂದಿನ ಕೋಣೆಯಲ್ಲಿ ಪುಟ್ಟಿಯ ಕಂಪ್ಯೂಟರು, ತೂಕದ ಯಂತ್ರ, ಸೂರಿನವರೆಗೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು. ಬಟ್ಟೆ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ಬಿಲ್ಲು ಹಾಕಿದ್ದಳು. ಆ ಅಂಗಡಿ ಮುಚ್ಚಿದ ಮೇಲೆ ಅಣ್ಣನ ಶೂಗಳಿಗೆ ಆನ್‌ಲೈನ್ ಅಂಗಡಿ ತೆರೆದವಳು ಅವಳೇ. ಫೋಟೋ ತೆಗೆಯುವುದು, ಅಳತೆ ಕೇಳುವುದು, ಪ್ಯಾಕ್ ಮಾಡುವುದು, ಬೈಗುಳ ತಿನ್ನುವುದು ಎಲ್ಲ ಅವಳ ಪಾಲಿಗೆ ಬಂತು.

ಮೂರು ವರ್ಷ ದೇಶದೊಳಗೇ ಕಳಿಸಿದರು. ನಾಲ್ಕನೇ ವರ್ಷ ಹೊರದೇಶದವರು ವಿಚಾರಿಸತೊಡಗಿದರು. ಒಂದು ಮಧ್ಯಾಹ್ನ ಪುಟ್ಟಿ ಅಂಗಡಿಯ ಸೆಟ್ಟಿಂಗ್ಸ್ ತೆರೆದು ಕೂತಳು. ಕಳಿಸುವ ದಾರಿ ಮೂರಿದ್ದವು. ಮೊದಲನೆಯದು ಅಗ್ಗ, ಹೋಯಿತೋ ಇಲ್ಲವೋ ಅಂತ ಕೇಳುವ ಹಾಗಿಲ್ಲ. ಎರಡನೆಯದು ನಂಬರ್ ಕೊಟ್ಟು ಕಳಿಸುವ ಅಂಚೆ. ಇಪ್ಪತ್ತರಿಂದ ನಲವತ್ತು ದಿನ. ಮೂರನೆಯದು ಕೊರಿಯರ್, ಆರು ದಿನ, ಆದರೆ ಖರ್ಚು ಹತ್ತಿರ ಹತ್ತಿರ ಶೂವಿನಷ್ಟೇ. ಅದರ ಕೆಳಗೆ ಇನ್ನೊಂದು ಪ್ರಶ್ನೆ: ಸುಂಕ ಕಟ್ಟುವವರು ಯಾರು, ನೀವೋ ಕೊಳ್ಳುವವರೋ?

"ಅಣ್ಣಾ, ಯಾವುದು ಹಾಕ್ಲಿ?"

"ಶೂಗಿಂತ ಕಳಿಸೋದೇ ದುಬಾರಿ ಆದ್ರೆ ಯಾರು ತಗೋತಾರೆ? ನಡುವಿನದು ಹಾಕು." ಅವನು ತಲೆ ಎತ್ತಲಿಲ್ಲ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ.

ಅವಳು ನಡುವಿನದನ್ನು ಆರಿಸಿದಳು. ಸುಂಕ ಕೊಳ್ಳುವವರದು ಅಂತ ಗುರುತು ಹಾಕಿದಳು. ದೇಶಗಳ ಪಟ್ಟಿ ಬಂತು. ಒಂದೊಂದಾಗಿ ನೋಡುವಷ್ಟು ತಾಳ್ಮೆ ಇರಲಿಲ್ಲ; "ಎಲ್ಲವೂ" ಎಂಬಲ್ಲಿ ಒತ್ತಿ ಟೀ ಮಾಡಲು ಎದ್ದುಹೋದಳು.

ಎರಡು ವಾರಕ್ಕೆ ಒಬ್ಬ ತಾಯಿಯ ಆರ್ಡರ್ ಬಂತು. ಎಲ್ಲೋ ಸಮುದ್ರದಾಚೆಯ ಊರು. ಅವಳ ಭಾಷೆ ಬೇರೆ, ಇವರದು ಬೇರೆ. ನಡುವೆ ಫೋನು ಅನುವಾದ ಮಾಡುತ್ತಿತ್ತು. "ನನ್ನ ಮಗಳ ಕಾಲುಗಳು ಅಕ್ಕ ತಂಗಿ, ಬಲಗಡೆಯವಳು ನಾಲ್ಕು ಸೆಂಟಿಮೀಟರ್ ಕಿರಿಯಳು" ಎಂದು ಫೋನು ಹೇಳಿದ್ದನ್ನು ಕೇಳಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಡುಗಿಗೆ ಒಂಬತ್ತು ವರ್ಷ. ತಾಯಿ ಅವಳ ಎರಡೂ ಪಾದ ಕಾಗದದ ಮೇಲಿಡಿಸಿ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ಕಳಿಸಿದ್ದಳು. ಬಲಪಾದದ ಹೆಬ್ಬೆರಳಿನ ಹತ್ತಿರ ಗೆರೆ ಅಲುಗಿತ್ತು.

"ಕಚಗುಳಿ ಆಗಿರ್ಬೇಕು ಮಗೂಗೆ" ಅಂದ ಅಣ್ಣ.

ಹನ್ನೆರಡು ದಿನ ಅದರಲ್ಲೇ ಮುಳುಗಿದ. ಬಲಗಡೆಯ ಅಟ್ಟೆ ಎತ್ತರವಾಗಿರಬೇಕು, ಆದರೆ ಭಾರ ಆಗಬಾರದು. ಕಾರ್ಕಿನ ಪದರಗಳನ್ನು ಅಂಟಿಸಿ, ಉಜ್ಜಿ, ಮತ್ತೆ ತೂಗಿ ನೋಡಿದ. ಎರಡೂ ಶೂ ಮೇಜಿನ ಮೇಲಿಟ್ಟಾಗ ಎತ್ತರದ ವ್ಯತ್ಯಾಸ ಥಟ್ಟನೆ ಕಣ್ಣಿಗೆ ಬೀಳದ ಹಾಗೆ ಪಕ್ಕದಲ್ಲಿ ಗಾಢ ನೀಲಿ ಪಟ್ಟಿ ಹೊಲಿದಿದ್ದ.

ಪುಟ್ಟಿ ಅಂಚೆ ಕಚೇರಿಗೆ ಒಯ್ದಳು. ಕೌಂಟರಿನ ಹೆಂಗಸು ಕಸ್ಟಮ್ಸ್ ಫಾರಂ ಮುಂದಿಟ್ಟಳು. ಒಳಗೇನಿದೆ ಅಂತ ಬರೆಯಲು ಜಾಗ ಒಂದೇ ಸಾಲು.

"ಶೂ ಅಂತ ಬರೆದ್ರೆ ಸಾಕಾ?"

"ಎಂಥ ಶೂ ಅಂತ ಬರೀರಿ ಅಮ್ಮ. ಆಮೇಲೆ ಅವರು ಕೇಳಿದ್ರೆ ನಮ್ಮ ತಲೆಗೆ ಬರುತ್ತೆ."

ಪುಟ್ಟಿ ಯೋಚಿಸಿ, ನಿಜವನ್ನೇ ಬರೆಯೋಣ ಅಂತ "ವೈದ್ಯಕೀಯ ಶೂ, ಮಕ್ಕಳದು" ಎಂದು ತುಂಬಿದಳು. ಮನೆಗೆ ಬರುವಾಗ ಮನಸ್ಸು ಹಗುರವಾಗಿತ್ತು.

ಹತ್ತು ದಿನ ಪಾರ್ಸೆಲ್ಲು ಚೆನ್ನಾಗಿಯೇ ನಡೆಯಿತು. ಹನ್ನೊಂದನೇ ದಿನ ಅಂಚೆಯ ಪುಟದಲ್ಲಿ "ಕಸ್ಟಮ್ಸ್ ತಪಾಸಣೆಯಲ್ಲಿದೆ" ಎಂದು ಬಂತು. ಇಪ್ಪತ್ತಕ್ಕೂ ಅದೇ. ಮೂವತ್ತಕ್ಕೂ ಅದೇ. ಬೆಳಿಗ್ಗೆ ಮುಖ ತೊಳೆಯುವ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಅವಳು ಆ ಪುಟ ತೆರೆಯುತ್ತಿದ್ದಳು. ಅಂಚೆಯವರಿಗೆ ಫೋನು ಮಾಡಿದರೆ ಕೊಳಲಿನ ಸಂಗೀತ. ಇಪ್ಪತ್ತೈದು ನಿಮಿಷ ಕೊಳಲು ಕೇಳಿದ ಮೇಲೆ ಒಬ್ಬ ಹುಡುಗ ಬಂದು "ಅದು ಆ ದೇಶದವರ ಕೈಲಿದೆ ಮೇಡಂ" ಅನ್ನುತ್ತಿದ್ದ. ಪ್ರತಿ ಸಲ ಬೇರೆ ಹುಡುಗ, ಅದೇ ಮಾತು. ಅವಳಿಗೆ ಆ ಕೊಳಲು ಕನಸಿನಲ್ಲೂ ಕೇಳತೊಡಗಿತು.

ಕೊನೆಗೆ ಆ ತಾಯಿಯೇ ಕೆಲಸಕ್ಕೆ ರಜೆ ಹಾಕಿ, ಮೂರು ಗಂಟೆ ಬಸ್ಸಿನಲ್ಲಿ ಕೂತು ಕಸ್ಟಮ್ಸ್ ಕಚೇರಿಗೆ ಹೋಗಿದ್ದಳು. ವೈದ್ಯಕೀಯ ಸಾಮಾನು ಅಂದಮೇಲೆ ಡಾಕ್ಟರ ಪತ್ರ ಇರಬೇಕಂತೆ. ಪತ್ರ ಮಾಡಿಸಿಕೊಂಡು ಎರಡನೇ ಸಲ ಹೋಗುವಷ್ಟರಲ್ಲಿ ಅವಧಿ ಮುಗಿಯಿತು ಅಂತ ಪಾರ್ಸೆಲ್ಲನ್ನು ವಾಪಸ್ ಕಳಿಸಿಬಿಟ್ಟಿದ್ದರು.

ಪೆಟ್ಟಿಗೆ ಮನೆಗೆ ಬಂದದ್ದು ಅರವತ್ತಮೂರನೇ ದಿನ. ಮೂಲೆಗಳು ನಜ್ಜುಗುಜ್ಜಾಗಿದ್ದವು, ಮೈತುಂಬ ಮುದ್ರೆಗಳು. ಪುಟ್ಟಿ ಸೀಲು ಹಾಕಿದ ಟೇಪು ಹಾಗೇ ಇತ್ತು. ಅಣ್ಣ ಪೆಟ್ಟಿಗೆ ಬಿಚ್ಚಿ ಬಲಗಾಲಿನ ಶೂವನ್ನು ತೊಡೆಯ ಮೇಲಿಟ್ಟುಕೊಂಡು ಅಂಟು ಬಿಟ್ಟಿದೆಯೇ ಅಂತ ಉಗುರಿನಿಂದ ಒತ್ತಿ ನೋಡಿದ. ಏನೂ ಆಗಿರಲಿಲ್ಲ.

"ಚೆನ್ನಾಗೇ ಇದೆ. ಡಾಕ್ಟರ ಪತ್ರ ತರಿಸಿಕೋ, ಇದನ್ನೇ ಮತ್ತೆ ಕಳಿಸೋಣ."

"ಆಗಲ್ಲ ಅಣ್ಣಾ."

ಅವಳು ಫೋನು ತೋರಿಸಿದಳು. ಆ ತಾಯಿ ಹೊಸದಾಗಿ ಗೆರೆ ಎಳೆದು ಕಳಿಸಿದ್ದಳು. ಅಳತೆ ಕೊಟ್ಟು ಎರಡೂವರೆ ತಿಂಗಳಾಗಿತ್ತು. ಹುಡುಗಿಯ ಪಾದ ಹತ್ತಿರ ಹತ್ತಿರ ಅರ್ಧ ಸೆಂಟಿಮೀಟರ್ ಬೆಳೆದಿತ್ತು.

ಅಣ್ಣ ಆ ಫೋಟೋವನ್ನು ತುಂಬ ಹೊತ್ತು ನೋಡಿದ. ಆಮೇಲೆ ಶೂವನ್ನು ಮೆಲ್ಲಗೆ ಕೆಳಗಿಟ್ಟ. "ಹೊರದೇಶದ್ದು ಮುಚ್ಚಿಬಿಡು ಪುಟ್ಟಿ. ನಮ್ಮ ಕೈಲಾಗೋ ಕೆಲ್ಸ ಅಲ್ಲ ಇದು."

"ತಪ್ಪು ನಂದು. ನಾನೇ ವೈದ್ಯಕೀಯ ಅಂತ ಬರೆದದ್ದು."

"ನಿನ್ನನ್ನ ಅಂದ್ನಾ ನಾನು?"

"ಅನ್ಲಿಲ್ಲ. ಅಂದಿದ್ರೆ ವಾಸಿ ಇತ್ತು."

ಒಳಗಿನಿಂದ ಅತ್ತಿಗೆ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒದ್ದೆ ಬಟ್ಟೆ. "ಇಬ್ರೂ ಕನ್ನಡಿಲಿ ಮುಖ ನೋಡ್ಕೊಂಡಿದ್ದೀರಾ? ಇವರು ರಾತ್ರಿ ಎದ್ದು ನೋಯೋ ಬೆರಳು ಒತ್ಕೋತಾರೆ, ನೀನು ಊಟದ ತಟ್ಟೆ ಪಕ್ಕ ಫೋನ್ ಇಟ್ಕೋತೀಯ. ಮುಚ್ಚೋದಾದ್ರೆ ಮುಚ್ಚಿ, ಮಾಡೋದಾದ್ರೆ ಸರಿಯಾಗಿ ಮಾಡಿ. ಹೀಗೆ ಗೋಳು ಹೊಯ್ಕೋಬೇಡಿ ನನ್ನ." ಅಷ್ಟು ಹೇಳಿ ಬಟ್ಟೆ ಹರವಲು ಹಿತ್ತಲಿಗೆ ಹೋದಳು.

ಪುಟ್ಟಿ ಹಿಂದಿನ ಕೋಣೆಗೆ ಹೋಗಿ ಕೂತಳು. ಆ ತಾಯಿಗೆ ಹಣ ವಾಪಸ್ ಮಾಡಿ, ಕ್ಷಮೆ ಕೇಳಿ, ಅಲ್ಲಿಗೆ ಕೈ ತೊಳೆದುಕೊಳ್ಳಬಹುದಿತ್ತು. ಕ್ಷಮೆಯ ಮಾತು ಅರ್ಧ ಬರೆದೂ ಆಗಿತ್ತು. ಆದರೆ ಅದನ್ನು ಕಳಿಸುವ ಶಕ್ತಿ ಇರಲಿಲ್ಲ; ಅದರ ಬದಲು ಬರೀ ಒಂದು ಪ್ರಶ್ನೆ ಕಳಿಸಿದಳು: ಈಗ ಮಗಳು ಏನು ಹಾಕಿಕೊಳ್ಳುತ್ತಾಳೆ?

ಉತ್ತರ ಬಂತು. "ಹಳೆಯ ಶೂ. ಅದರ ಕೆಳಗೆ ಅವಳ ಅಪ್ಪ ಚಪ್ಪಲಿ ಕತ್ತರಿಸಿ ಅಂಟಿಸುತ್ತಾರೆ. ವಾರಕ್ಕೊಮ್ಮೆ ಬೀಳುತ್ತದೆ, ಚಪ್ಪಲಿ. ಕೆಲವೊಮ್ಮೆ ಮಗಳು."

ಪುಟ್ಟಿ ಎದ್ದು ಹೋಗಿ ಅದನ್ನು ಅಣ್ಣನಿಗೆ ಓದಿ ಹೇಳಿದಳು. ಅಣ್ಣ ಬೆರಳ ಗಂಟುಗಳನ್ನು ಒತ್ತಿಕೊಂಡ. ಆಮೇಲೆ ಅಟ್ಟಣಿಗೆಯಿಂದ ಒಂದಳತೆ ದೊಡ್ಡ ಅಚ್ಚುಗಳನ್ನು ಇಳಿಸಿ ಧೂಳು ಒರೆಸಿದ.

ಈ ಸಲ ಎಂಟೇ ದಿನದಲ್ಲಿ ಮುಗಿಸಿದ. ಅಷ್ಟರಲ್ಲಿ ಪುಟ್ಟಿ ಡಾಕ್ಟರ ಪತ್ರ ತರಿಸಿಕೊಂಡು, ಮೂರು ಪ್ರತಿ ಮಾಡಿಸಿ, ಒಂದನ್ನು ಒಳಗೆ, ಒಂದನ್ನು ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಿದಳು; ಮೂರನೆಯದನ್ನು ಯಾಕೆ ಮಾಡಿಸಿದೆನೆಂದು ಅವಳಿಗೇ ಗೊತ್ತಿರಲಿಲ್ಲ. ಕೊರಿಯರ್ ಆರಿಸಿದಳು. ಸುಂಕ ನಮ್ಮದು ಅಂತ ಗುರುತು ಹಾಕಿದಳು. ಆ ತಾಯಿಯಿಂದ ಹೆಚ್ಚಿಗೆ ಏನೂ ಕೇಳಲಿಲ್ಲ. ಆ ಶೂವಿನಲ್ಲಿ ತಮಗೆ ಏನೂ ಉಳಿಯುವುದಿಲ್ಲವೆಂದು ಅಣ್ಣ ತಂಗಿ ಇಬ್ಬರಿಗೂ ಗೊತ್ತಿತ್ತು.

ಏಳನೇ ದಿನ ಆ ತಾಯಿಯ ಸಂದೇಶ ಬಂತು. ಪುಟ್ಟಿ ಫೋನು ಹಿಡಿದು ಮುಂದಿನ ಕೋಣೆಗೆ ಹೆಚ್ಚುಕಡಿಮೆ ಓಡಿದಳು.

"ಸಿಕ್ತಂತೆ ಅಣ್ಣಾ!"

"ಹೊಂದ್ತಂತಾ?"

"ಹೊಂದಿದೆಯಂತೆ. ಬಲಗಾಲಿನ ಹಿಮ್ಮಡಿ ಸ್ವಲ್ಪ ಉಜ್ಜುತ್ತಂತೆ."

"ಉಜ್ಜುತ್ತೆ, ಹೊಸ ಚರ್ಮ. ಒಂದು ವಾರ ದಪ್ಪ ಕಾಲುಚೀಲ ಹಾಕ್ಲಿ ಅನ್ನು. ಮೊದಲನೇ ದಿನಾನೇ ಇಡೀ ದಿನ ಹಾಕ್ಕೊಂಡು ಓಡಾಡಬೇಡ ಅನ್ನು."

"ಆಗ್ಲೇ ಓಡಾಡ್ತಿದ್ದಾಳಂತೆ. ತೆಗೀತಾನೇ ಇಲ್ವಂತೆ."

ಅಣ್ಣ ಮೂಗಿನಲ್ಲೇ ನಕ್ಕು ಮತ್ತೆ ಕೆಲಸಕ್ಕೆ ಬಗ್ಗಿದ. ಕುಣಿದಾಡುವಂಥ ಸಂತೋಷವೇನೂ ಪುಟ್ಟಿಗೆ ಆಗಲಿಲ್ಲ. ಮೂರು ತಿಂಗಳು ಹೊತ್ತ ಮೂಟೆ ಇಳಿಸಿದವರಿಗೆ ಮೊದಲು ಗೊತ್ತಾಗುವುದು ಬೆನ್ನುನೋವು. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚಿದಳು.

ಮಾರನೆಯ ದಿನ ಸೆಟ್ಟಿಂಗ್ಸ್ ತೆರೆದು ಹೊರದೇಶಕ್ಕೆ ಹೋಗುವ ಮಕ್ಕಳ ಶೂಗಳಿಗೆ ಕೊರಿಯರ್ ಮಾತ್ರ ಉಳಿಸಿದಳು. ಆ ಆರ್ಡರುಗಳು ನಿಂತೇಹೋದವು. ಜನ ಬರುತ್ತಿದ್ದರು, ನೋಡುತ್ತಿದ್ದರು, ಕಳಿಸುವ ಖರ್ಚು ಕಂಡ ಜಾಗದಲ್ಲೇ ಹೊರಟುಹೋಗುತ್ತಿದ್ದರು. ತಿಂಗಳಾದ ಮೇಲೆ ಒಬ್ಬ ತಂದೆ ಬರೆದ. ಮಗನಿಗೆ ಆರು ವರ್ಷ, ಎಡಗಾಲು ಗಿಡ್ಡ. ಕೊರಿಯರ್ ತನ್ನ ಕೈಗೆ ಎಟುಕುವುದಿಲ್ಲ. ನಿಧಾನವಾದರೂ ಪರವಾಗಿಲ್ಲ, ಬೇರೆ ದಾರಿ ಇದೆಯೇ?

"ಇಲ್ಲ ಅಂತ ಬರೀಲಾ?" ಪುಟ್ಟಿ ಕೇಳಿದಳು. "ಇದೆ ಅಂದ್ರೆ ಮತ್ತೆ ಅದೇ ಗೋಳು. ಶೂ ಹೋಗೋಷ್ಟರಲ್ಲಿ ಕಾಲು ಬೆಳೆದಿರುತ್ತೆ."

ಅಣ್ಣ ಕತ್ತರಿ ಕೆಳಗಿಟ್ಟ. ಕಿಟಕಿಯಾಚೆ ರಸ್ತೆಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವನು ಮೇಜಿನ ಮೇಲಿದ್ದ ಚರ್ಮದ ತುಂಡೊಂದನ್ನು ಎರಡಾಗಿ ಮಡಚಿ ಅದರ ದಪ್ಪ ನೋಡಿದ.

"ಬೆಳೆದಿರುತ್ತೆ ಅಂತ ಗೊತ್ತಿದ್ದಮೇಲೆ ಬೆಳೆದ ಕಾಲಿಗೇ ಹೊಲಿದ್ರೆ ಆಯ್ತಲ್ವಾ?" ಅಂದ. "ಅರ್ಧ ಬೆರಳು ದೊಡ್ಡದು ಮಾಡ್ತೀನಿ. ಒಳಗೆ ಎರಡು ಪದರ ತೆಳ್ಳಗಿನ ಹಾಸು, ಅಂಟಿಸದೆ ಬಿಡ್ತೀನಿ. ಬಿಗಿ ಆದಾಗ ಒಂದು ತೆಗೀಲಿ, ಆಮೇಲೆ ಇನ್ನೊಂದು. ಎರಡೂ ಕಾಲಿಗೂ ಒಟ್ಟಿಗೆ ತೆಗೀಬೇಕು, ಇಲ್ಲಾಂದ್ರೆ ಎತ್ತರ ತಪ್ಪುತ್ತೆ. ಅದನ್ನ ದೊಡ್ಡ ಅಕ್ಷರದಲ್ಲಿ ಬರಿ."

"ಇದು ಮುಂಚೆ ಯಾಕೆ ಹೊಳೀಲಿಲ್ಲ ನಿಂಗೆ?"

"ಮುಂಚೆ ಯಾರೂ ನಲವತ್ತು ದಿನ ಕಾಯ್ತಿರ್ಲಿಲ್ಲ ನನ್ನ ಶೂಗೆ. ಬಾಗಿಲಿಗೆ ಬಂದು ಹಾಕ್ಕೊಂಡು ಹೋಗ್ತಿದ್ರು."

ಪುಟ್ಟಿ ನಡುವಿನ ದಾರಿಯನ್ನು ಮತ್ತೆ ತೆರೆದಳು. ಅದರ ಪಕ್ಕದಲ್ಲಿ ಬರೆದಳು: ಈ ದಾರಿಯಲ್ಲಿ ಹೋಗುವ ಮಕ್ಕಳ ಶೂ ಸ್ವಲ್ಪ ದೊಡ್ಡದಿರುತ್ತದೆ, ಬೇಕೆಂದೇ. ಡಾಕ್ಟರ ಪತ್ರ ಮೊದಲು ಕಳಿಸಿ. "ಎಲ್ಲವೂ" ಎಂದಿದ್ದುದನ್ನು ತೆಗೆದು, ಪಟ್ಟಿಯ ಮೇಲಿನಿಂದ ಒಂದೊಂದೇ ದೇಶದ ನಿಯಮ ಓದತೊಡಗಿದಳು. ಸಂಜೆಯ ಹೊತ್ತಿಗೆ ಹನ್ನೊಂದು ಮುಗಿದಿದ್ದವು. ಕಣ್ಣು ಉರಿಯುತ್ತಿತ್ತು.

ಅತ್ತಿಗೆ ಟೀ ತಂದಿಟ್ಟು ಪರದೆಯತ್ತ ಬಗ್ಗಿ ನೋಡಿದಳು. "ಇನ್ನೂ ಎಷ್ಟಿವೆ?"

"ನೂರ ಎಂಬತ್ತು ಚಿಲ್ಲರೆ."

"ದೇವ್ರೇ. ಸರ್ಕೋ ಸ್ವಲ್ಪ." ಅತ್ತಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. "ಓದಿ ಹೇಳು, ನಾನು ಬರ್ಕೋತೀನಿ."