ಕೊನೆಸಾಲಿನ ಮೊದಲ ಕುರ್ಚಿ

ಗುಮಾನಿರಾಯ ಎಂದು ಅವರಿಗೆ ಹೆಸರಿಟ್ಟವಳು ಹೆಂಡತಿಯೇ. ಸುಮ್ಮನೆ ಇಟ್ಟದ್ದಲ್ಲ ಬಿಡಿ. ಹಾಲು ಉಕ್ಕಿದರೂ ಯಾರದೋ ಕೈವಾಡ ಇದೆ ಎನ್ನುವ ಆಸಾಮಿ ಅದು. ರಂಗಮಂದಿರವೊಂದರ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತಿದ್ದ ಕಾಲದಲ್ಲಿ, ಕುರ್ಚಿ ಹಂಚುವುದಕ್ಕೆಂದು ಅವರೇ ಒಂದು ಪ್ರೋಗ್ರಾಂ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಅದರ ಕೋಡನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ಈಗ ಊರೂರಿನಲ್ಲಿ ಓಡುವುದು ಅದೇ. ಅದಕ್ಕೆ ಸೇರಿಸಲು ಹೊಸ ಕೋಡನ್ನು ಯಾರಾದರೂ ರಾಯರಿಗೆ ಕಳಿಸಬಹುದು, ಆದರೆ ಸ್ವಂತದ್ದಾಗಿರಬೇಕು. ಎಐ ಬರೆದದ್ದಕ್ಕೆ ಬಾಗಿಲು ಬಂದ್. ಅದು ಯಾರ ಕೋಡನ್ನು ನುಂಗಿ ಕಕ್ಕಿದೆಯೋ ಯಾರಿಗೆ ಗೊತ್ತು! ನಾಳೆ ಆ ಪುಣ್ಯಾತ್ಮ ಬಂದು ಕಾಪಿರೈಟ್ ಎಂದು ಕೊರಳಪಟ್ಟಿ ಹಿಡಿದರೆ?

ಈ ಸಲ ಕೋಡ್ ಕಳಿಸಿದವಳು ಸ್ವಂತ ಮಗಳು. ಅವಳ ಮೊದಲ ಕೋಡ್. ರಾಯರು ಒಪ್ಪಿದರೆ ಬರೆದವರ ಪಟ್ಟಿಯಲ್ಲಿ ಅಪ್ಪನ ಹೆಸರಿನ ಕೆಳಗೆ ಅವಳ ಹೆಸರು ಬರುತ್ತದೆ. ಆ ಒಂದು ಆಸೆಗೆ ಅವಳು ತಿಂಗಳುಗಟ್ಟಲೆ ಕಂಪ್ಯೂಟರಿಗೆ ಅಂಟಿಕೊಂಡಿದ್ದಳು.

ರಾಯರು ಕನ್ನಡಕ ಏರಿಸಿ ಓದಿದರು. ಎಲ್ಲ ನೀಟು. ಅತಿ ನೀಟು. ಅಲ್ಲೇ ತಲೆಯಲ್ಲಿ ಹುಳ ಹೊಕ್ಕಿತು. ಕೋಡಿನ ಕೆಳಗಿನ ಸಾಲುಗಳನ್ನು ನೋಡಿದರೆ, ಅದು ರಂಗಮಂದಿರದ ಕೊನೆಸಾಲಿನ ಮೊದಲ ಕುರ್ಚಿಯನ್ನು ಮಾರಾಟಕ್ಕೆ ಬಿಡದೆ ಖಾಲಿ ಇಟ್ಟಿತ್ತು. ರಾಯರು ಎದ್ದೇ ನಿಂತರು. ಅದು ಅವರದೇ ಹಳೆಯ ತಪ್ಪು! ಒಂದು ಕುರ್ಚಿ ದಂಡ ಎಂದು ಬಳಸುವವರೆಲ್ಲ ಬೈದ ಮೇಲೆ ಅವರೇ ಕಿತ್ತುಹಾಕಿದ್ದರು, ಮಗಳು ಕೋಡ್ ಕಲಿಯುವುದಕ್ಕೆ ಎಷ್ಟೋ ಮೊದಲೇ. ಹಳೆಯ ಪ್ರತಿಗಳು ಮಾತ್ರ ಇಂಟರ್ನೆಟ್ಟಿನಲ್ಲಿ ಅಲ್ಲಲ್ಲಿ ಬಿದ್ದಿದ್ದವು.

“ಸಿಕ್ಕಿಬಿದ್ದೆ ಕಣೇ! ನನ್ನ ಕೋಡನ್ನೇ ಕದ್ದು ಆ ಎಐ ನಿನಗೆ ಕೊಟ್ಟಿದೆ. ನೀನು ನನಗೇ ಟೋಪಿ ಹಾಕೋಕೆ ಬಂದಿದ್ದೀಯ!”

“ಏನ್ರೀ, ಹೆತ್ತ ಮಗಳ ಮೇಲೂನಾ?” ಹೆಂಡತಿ ಅಡುಗೆಮನೆಯಿಂದಲೇ ಗದರಿದಳು.

“ನೀನು ಸುಮ್ನಿರೇ. ಆ ಕುರ್ಚಿ ಯಾಕೆ ಖಾಲಿ ಅಂತ ಇವಳು ಹೇಳಲಿ ನೋಡೋಣ.”

ಮಗಳ ಮುಖ ಕೆಂಪೇರಿತು. “ಅಮ್ಮ ಕೆಲಸಕ್ಕೆ ಹೋದಾಗ ನನ್ನನ್ನ ಎಲ್ಲಿ ಕೂರಿಸ್ತಿದ್ದೆ ಅಪ್ಪಾ?”

ರಾಯರಿಗೆ ಆಗ ನೆನಪಾಯಿತು. ಟಿಕೆಟ್ ಕಿಟಕಿಯಿಂದ ಕಣ್ಣಿಗೆ ಬೀಳುತ್ತಿದ್ದ ಕುರ್ಚಿ ಅದೊಂದೇ. ಪುಟ್ಟ ಮಗಳು ಅಲ್ಲಿ ಕಾಲಾಡಿಸುತ್ತ ಕೂತಿರುತ್ತಿದ್ದಳು, ಅದಕ್ಕೇ ಅದನ್ನು ಮಾರುತ್ತಿರಲಿಲ್ಲ. ಜನ ಬೈದು ಬೈದು, ಅದು ತಪ್ಪು ಎನ್ನುವುದಷ್ಟೇ ಅವರ ತಲೆಯಲ್ಲಿ ಉಳಿದುಕೊಂಡಿತ್ತು.

“ಕೆಲಸದವರ ಮಕ್ಕಳಿಗೆ ಒಂದು ಕುರ್ಚಿ ಇರ್ಲಿ ಅಂತ ನಾನೇ ಹಾಕಿದೆ,” ಎಂದಳು ಮಗಳು. “ಬೇಡ ಅಂದೋರು ತೆಗೆಯೋ ಹಾಗೂ ಮಾಡಿದೀನಿ.”

ರಾಯರು ಕಣ್ಣೊರೆಸಿಕೊಂಡು ಪರದೆಯ ಮೇಲಿನ ಒಪ್ಪಿಗೆಯ ಗುಂಡಿಗೆ ಬೆರಳು ಒಯ್ದರು. ಒತ್ತಿದ್ದರೆ ಮುಗಿದಿತ್ತು. ಹಾಳು ನಾಲಿಗೆ ಸುಮ್ಮನಿರಬೇಕಲ್ಲ!

“ಅದು ಸರಿ ಪುಟ್ಟೀ... ಮಿಕ್ಕಿದ್ದೂ ನಿಂದೇನಾ?”

ಮಗಳು ತನ್ನ ಲ್ಯಾಪ್‌ಟಾಪ್ ತೆರೆದು ಏನೋ ಒತ್ತಿ, ಮುಚ್ಚಿ, ಒಳಗೆ ಹೋದಳು. ರಾಯರ ಬೆರಳಿನಡಿಯಿಂದ ಗುಂಡಿ ಮಾಯವಾಯಿತು. ಅದಿದ್ದ ಕಡೆ, ಕಳಿಸಿದವರು ಕೋಡನ್ನು ಹಿಂದಕ್ಕೆ ಪಡೆದಿದ್ದಾರೆ ಎಂದು ಬಂತು.