ಚೆಲುವಿಯ ಗರ್ಭದಿಂದ ಫ್ರೀಜರಿಗೆ

ನನ್ನ ಜನ್ಮಸ್ಥಳ ಕೊಟ್ಟಿಗೆಯ ಗಂಜಲದ ಕೆಸರು. ಜಾತಿ ಬ್ಯಾಕ್ಟೀರಿಯಾ. ನಮ್ಮಲ್ಲಿ ಮದುವೆಯಿಲ್ಲ, ಬಾಣಂತನವಿಲ್ಲ. ಒಬ್ಬರು ಇಬ್ಬರಾಗುತ್ತೇವೆ, ಅಷ್ಟೆ.

ಸಾಕಮ್ಮನ ಹಸು ಚೆಲುವಿ ಕರು ಹಾಕಿ ಒಂದು ದಿನವಾದರೂ, ಕರುವಿನ ಹಿಂದೆಯೇ ಬೀಳಬೇಕಾದ ಮಾಸು ಬೀಳಲಿಲ್ಲ. ನೇತಾಡುತ್ತಿದ್ದ ಅದಕ್ಕೆ ಸಾಕಮ್ಮನ ಅತ್ತೆ ಹಳೇ ಚಪ್ಪಲಿ ಕಟ್ಟಿದರು.

"ಬ್ಯಾಡ ಕಣತ್ತೆ, ಡಾಕ್ಟ್ರು ಬರ್ಲಿ."

"ಭಾರಕ್ಕೆ ಬಿದ್ದೋಯ್ತದೆ ಸುಮ್ಕಿರು. ನಿನ್ ಗಂಡ ಹುಟ್ಟೋಕ್ ಮುಂಚಿಂದ ಕಟ್ತಿವ್ನಿ."

ದೇವರ ಗರ್ಭಗುಡಿಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುವ ಜನ, ಹಸುವಿನ ಗರ್ಭದ ಬಾಗಿಲಿಗೇ ಚಪ್ಪಲಿ ಕಟ್ಟಿದ್ದರು. ಅದರ ಅಟ್ಟೆಯಲ್ಲಿ ನಾನಿದ್ದೆ. ಮಾಸು ಹರಿದು ಅರ್ಧ ಒಳಗೇ ಉಳಿಯಿತು. ನಾನೂ ಒಳಗೆ ಹೋದೆ.

ಒಳಗೆ ಬೆಚ್ಚಗಿತ್ತು. ಗರ್ಭದ ಗೋಡೆ ಕೊರೆಯುವ ವಿಷ ತಯಾರಿಸುವ ಜೀನ್ ನನ್ನಲ್ಲಿದೆ, ಕೊರೆದೆ. ಸಿಟ್ಟೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಕೀವಾಯಿತು. ಡಾಕ್ಟರ್ ಇಂದುಧರ ಔಷಧಿ ಬಿಟ್ಟರು. ಅದನ್ನು ಹೊರಗೆ ದಬ್ಬುವ ಜೀನನ್ನು ಪಕ್ಕದ ಬ್ಯಾಕ್ಟೀರಿಯಾದಿಂದ ಮೊದಲೇ ಇಸಿದುಕೊಂಡಿದ್ದೆ. ಮೂರು ಸಲ ಸೆಮೆನ್ ಕೊಡಿಸಿದರೂ ಚೆಲುವಿಗೆ ಗರ್ಭ ನಿಲ್ಲಲಿಲ್ಲ.

"ಗೊಡ್ಡು ಬಿದ್ದೋಯ್ತು, ಮಾರ್ಬುಡ್ತೀನಿ" ಅಂದ ಸಾಕಮ್ಮನ ಗಂಡ ಬೋರಪ್ಪ.

ಡಾಕ್ಟರು ಹತ್ತಿಕಡ್ಡಿಯಲ್ಲಿ ನನ್ನನ್ನು ಒರೆಸಿಕೊಂಡರು. "ಯಾವ ಔಷಧಿಗೆ ಸಾಯುತ್ತೆ ಅಂತ ವೆಟರ್ನರಿ ಕಾಲೇಜಲ್ಲಿ ನೋಡಿಸ್ತೀನಿ. ಅಲ್ಲೀವರೆಗೂ ಮಾರಬೇಡಿ."

"ಎಲ್ಡು ವಾರ ತಡೀತೀನಿ ಸಾ. ಆಮ್ಯಾಕೆ ನನ್ ಮಾತು ನಡಿಯಾಕಿಲ್ಲ" ಅಂದಳು ಸಾಕಮ್ಮ.

ಕಾಲೇಜಿನ ಲ್ಯಾಬಿನಲ್ಲಿ ನಫೀಸಾ ಎಂಬ ಸಂಶೋಧಕಿ ನನ್ನನ್ನು ತಟ್ಟೆಯಲ್ಲಿ ಬೆಳೆಸಿದಳು. ನನ್ನ ವಂಶದ ಇಪ್ಪತ್ತು ಲಕ್ಷ ಅಕ್ಷರಗಳನ್ನು ಯಂತ್ರ ಐದು ದಿನದಲ್ಲಿ ಓದಿತು. ನಾನು ಸಾಯುವ ಔಷಧಿಯೂ ಗೊತ್ತಾಯಿತು. ವರದಿಗೆ ವಿಭಾಗದ ಮುಖ್ಯಸ್ಥರು ತಮ್ಮ ಹೆಸರಿನ ನಾಲ್ಕಕ್ಷರ ಗೀಚಲು ಹನ್ನೊಂದು ದಿನ ಹಿಡಿಯಿತು.

ಸಹಿಯಾದ ಗಳಿಗೆಗೆ ನಫೀಸಾ ನನ್ನ ತಟ್ಟೆಯ ಪಕ್ಕವೇ ನಿಂತು ಸಾಕಮ್ಮನಿಗೆ ಫೋನ್ ಮಾಡಿದಳು. "ಅಮ್ಮಾ, ಔಷಧಿ ಸಿಕ್ಕಿದೆ!"

"ನೆನ್ನೆ ಹತ್ತುಸ್ಬುಟ್ರು ಕಣವ್ವ, ಲಾರಿಗೆ."

"ಸಹಿ ಇಲ್ದೆ ಹೇಳೋ ಹಾಗಿರ್ಲಿಲ್ಲ ಅಮ್ಮಾ" ಅಂದಳು ನಫೀಸಾ.

"ನಿಂದೇನ್ ತಪ್ಪು, ಬುಡವ್ವ. ಊಟ ಆಯ್ತಾ?" ಅಂದಳು ಸಾಕಮ್ಮ.

ಈಗ ನಾನು ಮೈನಸ್ ಎಂಬತ್ತು ಡಿಗ್ರಿ ಫ್ರೀಜರಿನ ಮೂಲೆಯಲ್ಲಿದ್ದೇನೆ. ಇಲ್ಲಿ ಒಬ್ಬರು ಇಬ್ಬರಾಗುವುದಿಲ್ಲ, ಸಾಯುವುದೂ ಇಲ್ಲ. ಚಳಿ ಅನ್ನಿಸುವುದೂ ನಿಂತುಹೋಗಿದೆ. ಪಕ್ಕದ ಡಬ್ಬಿಗಳಿಗೆಲ್ಲ ಬರೀ ನಂಬರು. ನನ್ನ ಡಬ್ಬಿಯ ಮೇಲೆ ಮಾತ್ರ ನಫೀಸಾ ಪೆನ್ನಿನಲ್ಲಿ ಹೆಸರು ಬರೆದಿದ್ದಾಳೆ. ಲ್ಯಾಬಿನವರು ನನ್ನನ್ನು ಹುಡುಕುವಾಗ ಕೇಳುತ್ತಾರೆ: "ಚೆಲುವಿ ಎಲ್ಲಿ?"

ಇಲ್ಲಿದ್ದೇನೆ, ನಾನು.